ವಾಚ್‌ಮನ್ ಕೋಣೆ ಮುಂದೆ ನಾಯಿ ಸುತ್ತು ಹಾಕಿದರೆ ಅವರೇ ಕಳ್ಳರಾ?

ಪ್ರಶ್ನೆ: ನಮ್ಮದು ನಾಲ್ಕು ಮಹಡಿಯ ಅಪಾರ್ಟ್‌ಮೆಂಟ್. ಹೋದ ತಿಂಗಳು ಮೂರನೇ ಮಹಡಿಯ ಮನೆಯೊಂದರಲ್ಲಿ ರಾತ್ರಿ ಕಳ್ಳತನ ಆಯಿತು. ಮನೆಯವರು ಇರಲಿಲ್ಲ. ಬೆಳಗ್ಗೆ ಬೀಗ ಮುರಿದಿದ್ದು ಕಂಡು ಅಕ್ಕಪಕ್ಕದವರೆಲ್ಲ ಒಳಗೆ ಹೋಗಿ ನೋಡಿದೆವು. ಪೊಲೀಸ್ ನಾಯಿ ಬಂದಿದ್ದು ಮಧ್ಯಾಹ್ನ ಹನ್ನೆರಡು ದಾಟಿದ ಮೇಲೆ. ಅದು ಮುರಿದ ಬೀಗ ಮೂಸಿತು, ಮೆಟ್ಟಿಲು ಇಳಿಯಿತು, ವಾಚ್‌ಮನ್ ಕೋಣೆ ಮುಂದೆ ಎರಡು ಸುತ್ತು ಹಾಕಿತು. ಆಮೇಲೆ ಗೇಟು ದಾಟಿ ಮುಖ್ಯ ರಸ್ತೆ ತನಕ ಹೋಗಿ ನಿಂತುಬಿಟ್ಟಿತು. ಈಗ ಎಲ್ಲರ ಬಾಯಲ್ಲೂ ಒಂದೇ ಮಾತು: "ನಾಯಿ ಸುಳ್ಳು ಹೇಳಲ್ಲ, ಇದು ವಾಚ್‌ಮನ್‌ದೇ ಕೈವಾಡ." ಅವರು ಆರು ವರ್ಷದಿಂದ ಇಲ್ಲಿದ್ದಾರೆ. ಕೆಲಸದಿಂದ ತೆಗೆಯಬೇಕು ಅಂತ ಸಂಘದ ಸಭೆಯಲ್ಲಿ ಮಾತು ಬಂದಿದೆ. ನಾನು ಸಂಘದ ಕಾರ್ಯದರ್ಶಿ. ನಾಯಿಯನ್ನು ಎಷ್ಟರ ಮಟ್ಟಿಗೆ ನಂಬಬಹುದು? ರಸ್ತೆ ತನಕ ಹೋಗಿ ಯಾಕೆ ನಿಂತಿತು? ಅವಕ್ಕೆ ಹೇಗೆ ಕಲಿಸುತ್ತಾರೆ? ಉಪವಾಸ ಕೆಡವಿ, ಡ್ರಗ್ಸ್ ಚಟ ಹತ್ತಿಸಿ ತಯಾರು ಮಾಡುತ್ತಾರೆ ಅಂತ ಮಗಳು ಎಲ್ಲೋ ಕೇಳಿಕೊಂಡು ಬಂದಿದ್ದಾಳೆ. ಅದು ನಿಜವಾ?

ಉತ್ತರ: ನಿಮ್ಮ ಪತ್ರದಲ್ಲಿ ಪ್ರಶ್ನೆಗಳು ಹಲವು, ಆದರೆ ತುರ್ತಿನದು ಒಂದೇ. ಒಬ್ಬರ ಹೊಟ್ಟೆಪಾಡು ಕಳೆಯುವ ಹಂತಕ್ಕೆ ಬಂದಿದೆ. ಹಾಗಾಗಿ ಅದನ್ನೇ ಮೊದಲು ಹೇಳಿಬಿಡುತ್ತೇನೆ. ನೀವು ಬರೆದಿರುವಷ್ಟೇ ನಡೆದಿದ್ದರೆ, ಆ ನಾಯಿ ವಾಚ್‌ಮನ್ ಕಡೆ ಬೊಟ್ಟು ಮಾಡಿಲ್ಲ. ಶ್ವಾನದಳದಲ್ಲಿ ಮೊದಲು ಹ್ಯಾಂಡ್ಲರ್ ಆಗಿ, ಅಂದರೆ ನಾಯಿಯ ಹಗ್ಗ ಹಿಡಿದು ಕೆಲಸ ಮಾಡಿಸುವವನಾಗಿ, ಆಮೇಲೆ ತರಬೇತಿ ಕೊಡುವವನಾಗಿ ನಾನು ಕೆಲಸ ಮಾಡಿದವನು. ನಾಯಿ ಮಾಡಿದ್ದು ಒಂದು, ಸುತ್ತ ನಿಂತವರು ಅರ್ಥ ಮಾಡಿಕೊಂಡಿದ್ದು ಇನ್ನೊಂದು, ಇಂಥದ್ದನ್ನು ಬೇಕಾದಷ್ಟು ನೋಡಿದ್ದೇನೆ. ಅದರಿಂದ ತೊಂದರೆಗೆ ಸಿಕ್ಕಿಕೊಂಡವರನ್ನೂ ನೋಡಿದ್ದೇನೆ.

ಜಾಡು ಹಿಡಿಯುವ ನಾಯಿಗೆ ಯಾರ ಮೇಲೂ ಅನುಮಾನ ಇರುವುದಿಲ್ಲ. ಅದಕ್ಕೆ ಒಂದು ವಾಸನೆ ಕೊಡುತ್ತೇವೆ, ಆ ವಾಸನೆ ಎಲ್ಲಿಗೆ ಹೋಗಿದೆಯೋ ಅಲ್ಲಿಗೆ ಅದು ಹೋಗುತ್ತದೆ. ವಾಸನೆ ಯಾರದ್ದು, ರಾತ್ರಿಯದೋ ಬೆಳಗಿನದೋ, ಆ ಮನುಷ್ಯ ಕಳ್ಳತನಕ್ಕೆ ಬಂದವನೋ ಸಹಾಯಕ್ಕೆ ಬಂದವನೋ, ಇದೆಲ್ಲ ನಾಯಿಗೆ ಗೊತ್ತಾಗುವ ವಿಷಯವಲ್ಲ. ಅದು ಪೊಲೀಸರು ಕಂಡುಹಿಡಿಯಬೇಕಾದ ವಿಷಯ.

ಈಗ ನಿಮ್ಮ ಬೀಗಕ್ಕೆ ಬರೋಣ. ನಾಯಿ ಬರುವ ಮುಂಚೆ ಆ ಬೀಗವನ್ನು ಯಾರ್ಯಾರು ಮುಟ್ಟಿದ್ದರು? ಕಳ್ಳ ಮುಟ್ಟಿರಬಹುದು, ಅಥವಾ ಗ್ಲೌಸ್ ಹಾಕಿಕೊಂಡು ಕಬ್ಬಿಣದ ಸಲಾಕೆಯಿಂದ ಮೀಟಿ ಮುಟ್ಟದೆಯೂ ಇರಬಹುದು. ಬೆಳಗ್ಗೆ ಮೊದಲು ನೋಡಿದವರು "ಅಯ್ಯೋ ಬೀಗ ಮುರಿದಿದೆ" ಅಂತ ಕೈಗೆ ಎತ್ತಿಕೊಂಡಿರುತ್ತಾರೆ. ಅವರಿಂದ ಇನ್ನೊಬ್ಬರು ಇಸ್ಕೊಂಡಿರುತ್ತಾರೆ. ಸಾಮಾನ್ಯವಾಗಿ ಇಂಥ ಹೊತ್ತಲ್ಲಿ ಮೊದಲು ಕೂಗುವುದು ವಾಚ್‌ಮನ್ ಅವರನ್ನೇ, ಅಲ್ವಾ? ಅವರು ಓಡಿ ಮೇಲೆ ಬಂದಿರುತ್ತಾರೆ, ಬೀಗ ಕೈಯಲ್ಲಿ ಹಿಡಿದು ನೋಡಿರುತ್ತಾರೆ, ಮತ್ತೆ ಕೆಳಗೆ ಹೋಗಿ ಕೋಣೆಯಲ್ಲಿ ಕೂತಿರುತ್ತಾರೆ, ಗೇಟಿನಾಚೆ ನಿಂತು ಪೊಲೀಸ್ ಗಾಡಿಗೆ ಕಾದಿರುತ್ತಾರೆ. ಹಾಗಿದ್ದರೆ ಬೀಗದ ಮೇಲೆ ಎಲ್ಲಕ್ಕಿಂತ ಹೊಸ ವಾಸನೆಗಳಲ್ಲಿ ಅವರದೂ ಒಂದು. ನಾಯಿ ನಡೆದ ದಾರಿ ಅವರ ಬೆಳಗಿನ ಓಡಾಟದ ದಾರಿಯೇ ಆಗಿರಬಹುದು. ನಾನು ಆಗಿತ್ತು ಎನ್ನುತ್ತಿಲ್ಲ. ಆಗಿರಲಿಲ್ಲ ಅಂತ ಹೇಳಲು ಆ ನಾಯಿಯಿಂದ ಆಗಲ್ಲ ಅನ್ನುತ್ತಿದ್ದೇನೆ.

ಇನ್ನು ಆ "ಎರಡು ಸುತ್ತು". ನೋಡುವವರಿಗೆ ಅದೇ ದೊಡ್ಡ ಸಾಕ್ಷಿ ಅನ್ನಿಸುತ್ತದೆ. ಹ್ಯಾಂಡ್ಲರ್ ಕಣ್ಣಿಗೆ ಅದು ಉಲ್ಟಾ. ಜಾಡು ಗಟ್ಟಿಯಾಗಿ ಸಿಕ್ಕಿರುವ ನಾಯಿ ಸುತ್ತು ಹಾಕುವುದಿಲ್ಲ. ತಲೆ ತಗ್ಗಿಸಿ, ಹಗ್ಗ ಬಿಗಿಯಾಗುವಂತೆ ಎಳೆದುಕೊಂಡು ನೇರ ಹೋಗುತ್ತದೆ. ಬಾಯಿ ಮುಚ್ಚಿರುತ್ತದೆ, ಮೂಗಿನ ಸದ್ದು ಹಿಂದಿರುವವರಿಗೂ ಕೇಳಿಸುತ್ತದೆ. ಜಾಡು ತಪ್ಪಿದ ತಕ್ಷಣ ತಲೆ ಮೇಲೆ ಬರುತ್ತದೆ, ಹಗ್ಗ ಸಡಿಲವಾಗುತ್ತದೆ. ಆಗ ಅದು ವೃತ್ತ ಹಾಕಿ ಹುಡುಕಲು ಶುರು ಮಾಡುತ್ತದೆ. ಮೆಟ್ಟಿಲ ಬುಡ, ಕೋಣೆಯ ಬಾಗಿಲು, ಗೇಟು, ಇವೆಲ್ಲ ದಿನವಿಡೀ ಎಲ್ಲರೂ ಓಡಾಡುವ ಜಾಗಗಳು. ಅಲ್ಲಿ ಹತ್ತಾರು ಜನರ ವಾಸನೆ ಒಂದರ ಮೇಲೊಂದು ಬಿದ್ದಿರುತ್ತದೆ. ಅಲ್ಲಿ ಸುತ್ತು ಹಾಕಿತು ಅಂದರೆ ಬಹುತೇಕ "ಇಲ್ಲಿ ಗೊಂದಲ ಇದೆ, ಬಿಡಿಸಿಕೊಳ್ಳುತ್ತಿದ್ದೇನೆ" ಅಂತ. ಬಿಡಿಸಿಕೊಂಡ ಮೇಲೆ ಅದು ಮುಂದೆ ಹೋಗಿದೆ, ಗಮನಿಸಿ. ಅಲ್ಲೇ ಉಳಿದಿಲ್ಲ, ಯಾರ ಮುಂದೆಯೂ ಕೂತಿಲ್ಲ.

ರಸ್ತೆಯಲ್ಲಿ ನಿಂತಿದ್ದಕ್ಕೆ ಎರಡು ಕಾರಣ ಇರಬಹುದು. ಒಂದು, ಆ ಮನುಷ್ಯ ಅಲ್ಲಿ ಗಾಡಿ ಹತ್ತಿದ. ನೆಲದ ಜಾಡು ಕತ್ತರಿಸಿದ ಹಾಗೆ ಮುಗಿಯುತ್ತದೆ. ಇನ್ನೊಂದು, ಜಾಡು ಮುಂದಕ್ಕೂ ಇತ್ತು, ಆದರೆ ಗಾಡಿಗಳ ಗಾಳಿಗೆ, ಬಿಸಿಲಿಗೆ ಅಳಿಸಿಹೋಗಿತ್ತು. ಎರಡರಲ್ಲಿ ಯಾವುದು ಅಂತ ನಾಯಿಯ ನಡೆ ನೋಡಿ ಹ್ಯಾಂಡ್ಲರ್ ಅಂದಾಜು ಹೇಳಬಲ್ಲರು, ಖಾತ್ರಿ ಹೇಳಲಾರರು. ಆದರೂ ಆ ನಿಂತ ಜಾಗ ಉಪಯೋಗಕ್ಕೆ ಬರುತ್ತದೆ. ಅದರ ಬಗ್ಗೆ ಮುಂದೆ ಹೇಳುತ್ತೇನೆ.

ನಗರದಲ್ಲಿ ಜಾಡು ಯಾಕೆ ಕಷ್ಟ

ನಾಯಿಯ ಮೂಗಿನಲ್ಲಿ ವಾಸನೆ ಹಿಡಿಯುವ ಜೀವಕೋಶಗಳು ಎಷ್ಟೋ ತಳಿಗಳಲ್ಲಿ 20 ಕೋಟಿಗೂ ಮೇಲೆ ಇರುತ್ತವೆ. ನಮ್ಮಲ್ಲಿರುವುದು 50–60 ಲಕ್ಷದ ಆಸುಪಾಸು. ಮೂಸುವಾಗ ನಾಯಿ ಸೆಕೆಂಡಿಗೆ ಸುಮಾರು ಐದು ಸಲ ಉಸಿರೆಳೆಯುತ್ತದೆ. ಅದರ ಮೂಗಿನ ಹೊಳ್ಳೆಯ ಪಕ್ಕದಲ್ಲಿ ಸಣ್ಣ ಸೀಳು ಇದೆ, ಹತ್ತಿರದಿಂದ ನೋಡಿದರೆ ಕಾಣುತ್ತದೆ. ಬಿಟ್ಟ ಉಸಿರು ಆ ಸೀಳಿನಿಂದ ಪಕ್ಕಕ್ಕೆ ಹೋಗುತ್ತದೆ. ಹಾಗಾಗಿ ಎದುರಿಗಿರುವ ವಾಸನೆ ಅದರ ಉಸಿರಿಗೇ ಚದುರುವುದಿಲ್ಲ. ನಾರ್ವೆಯಲ್ಲಿ ಜರ್ಮನ್ ಶೆಫರ್ಡ್ ನಾಯಿಗಳ ಮೇಲೆ ಮಾಡಿದ ಪ್ರಯೋಗವೊಂದು 1993ರಲ್ಲಿ ಪ್ರಕಟವಾಯಿತು. ನಡೆದುಹೋದವರ ಹೆಜ್ಜೆಗಳಲ್ಲಿ ಕೆಲವೇ ಕೆಲವನ್ನು ಮೂಸಿ, ಆ ಮನುಷ್ಯ ಯಾವ ದಿಕ್ಕಿಗೆ ಹೋದ ಅಂತ ಆ ನಾಯಿಗಳು ಕಂಡುಕೊಂಡವು. ಮೊದಲ ಹೆಜ್ಜೆಗೂ ಐದನೇ ಹೆಜ್ಜೆಗೂ ನಡುವೆ ಇರುವ ಅಂತರ ಒಂದೆರಡು ಸೆಕೆಂಡು ಮಾತ್ರ. ಅಷ್ಟು ಸೂಕ್ಷ್ಮ ಅದು.

ಇಷ್ಟು ಒಳ್ಳೆ ಮೂಗಿದ್ದೂ ನಗರದಲ್ಲಿ ಯಾಕೆ ಸೋಲುತ್ತದೆ? ಹೊಲದಲ್ಲೋ ಕಾಡಂಚಿನಲ್ಲೋ ಮನುಷ್ಯ ನಡೆದರೆ ಅಲ್ಲಿ ಎರಡು ವಾಸನೆ ಏಳುತ್ತವೆ. ಒಂದು ಆ ಮನುಷ್ಯನದು. ಇನ್ನೊಂದು, ತುಳಿದ ಹುಲ್ಲು, ಕೆದಕಿದ ಮಣ್ಣಿನದು. ನಾಯಿಗೆ ಈ ಎರಡನೆಯದು ದೊಡ್ಡ ಸಹಾಯ. ಟಾರು, ಕಾಂಕ್ರೀಟು, ಟೈಲ್ಸ್ ಮೇಲೆ ಅದು ಇಲ್ಲವೇ ಇಲ್ಲ. ಉಳಿಯುವುದು ಮೈಯಿಂದ ಉದುರುವ ಚರ್ಮದ ಸಣ್ಣ ಚೂರುಗಳು ಮಾತ್ರ. ಅವು ಎಲ್ಲರ ಮೈಯಿಂದಲೂ ಸದಾ ಉದುರುತ್ತಲೇ ಇರುತ್ತವೆ, ಕಣ್ಣಿಗೆ ಕಾಣುವುದಿಲ್ಲ. ಹುಲ್ಲಿದ್ದರೆ ಅಲ್ಲೇ ಸಿಕ್ಕಿಕೊಳ್ಳುತ್ತವೆ. ನುಣುಪು ನೆಲದ ಮೇಲಿಂದ ಗಾಳಿ ಅವನ್ನು ಹೊತ್ತೊಯ್ದು ಗೋಡೆಯ ಬುಡಕ್ಕೆ, ಫುಟ್‌ಪಾತ್ ಅಂಚಿಗೆ, ಚರಂಡಿಯ ಜಾಲರಿಗೆ ಸೇರಿಸುತ್ತದೆ. ಅದಕ್ಕೇ ನಗರದಲ್ಲಿ ನಾಯಿ ರಸ್ತೆ ಮಧ್ಯೆ ಬಿಟ್ಟು ಅಂಚು ಹಿಡಿದೇ ಹೋಗುವುದು ಜಾಸ್ತಿ. ಕಳ್ಳ ಅಲ್ಲಿ ನಡೆದ ಅಂತಲ್ಲ, ವಾಸನೆ ಅಲ್ಲಿ ಕೂತಿದೆ ಅಂತ.

ಕಟ್ಟಡದ ಒಳಗಂತೂ ವಾಸನೆ ಹೊಗೆಯ ಹಾಗೆ ಹರಿಯುತ್ತದೆ. ಮೆಟ್ಟಿಲುಗಳ ಕಿಂಡಿ ಹಿಡಿದು ಮೇಲಕ್ಕೋ ಕೆಳಕ್ಕೋ ಹೋಗುತ್ತದೆ. ಲಿಫ್ಟ್ ಪ್ರತಿ ಸಲ ಓಡಾಡಿದಾಗ ಒಂದು ಮಹಡಿಯ ಗಾಳಿಯನ್ನು ಇನ್ನೊಂದಕ್ಕೆ ತಳ್ಳುತ್ತದೆ. ಮೂರನೇ ಮಹಡಿಯ ವಾಸನೆ ಮೊದಲನೇ ಮಹಡಿಯ ಬಾಗಿಲ ಸಂದಿಯಲ್ಲಿ ಬಂದು ನಿಂತಿರಬಹುದು. ಅಂಥ ಬಾಗಿಲ ಮುಂದೆ ನಾಯಿ ನಿಂತರೆ ಆ ಮನೆಯವರು ಕಳ್ಳರೇ?

ಹೊತ್ತು ಕೂಡ ಮುಖ್ಯ. ತಂಪಿರುವಾಗ, ಗಾಳಿಯಲ್ಲಿ ತೇವ ಇರುವಾಗ ವಾಸನೆ ನೆಲಕ್ಕೆ ಅಂಟಿಕೊಂಡಿರುತ್ತದೆ. ರಾತ್ರಿ, ನಸುಕು ಇದಕ್ಕೆ ಒಳ್ಳೆ ಹೊತ್ತು. ಬಿಸಿಲೇರಿದಂತೆ ನೆಲ ಕಾದು ವಾಸನೆ ಮೇಲೆದ್ದು ಚದುರುತ್ತದೆ. ಅಷ್ಟೇ ಅಲ್ಲ, ನಾಯಿಗೂ ಸೆಕೆ ಆಗುತ್ತದೆ. ಅದು ಮೈ ತಣ್ಣಗಾಗಿಸಿಕೊಳ್ಳುವುದೇ ನಾಲಿಗೆ ಹೊರಚಾಚಿ ತೇಕುವ ಮೂಲಕ. ತೇಕುತ್ತಿರುವ ನಾಯಿ ಸರಿಯಾಗಿ ಮೂಸಲಾರದು. ನಿಮ್ಮಲ್ಲಿ ನಾಯಿ ಬಂದಿದ್ದು ಮಧ್ಯಾಹ್ನ, ಕಳ್ಳತನ ಆಗಿ ಎಷ್ಟೋ ಗಂಟೆಯ ಮೇಲೆ, ಅರ್ಧ ಅಪಾರ್ಟ್‌ಮೆಂಟ್ ಒಳಗೆ ಓಡಾಡಿದ ಮೇಲೆ. ಒಳ್ಳೆಯ ನಾಯಿಗೂ ಅದು ಕಷ್ಟದ ಪರೀಕ್ಷೆ.

ಕಲಿಸುವುದು ಹೇಗೆ

ನಿಮ್ಮ ಮಗಳ ಪ್ರಶ್ನೆಗೆ ಮೊದಲು ನೇರ ಉತ್ತರ: ಡ್ರಗ್ಸ್ ಚಟ ಹತ್ತಿಸುವುದು ಪೂರ್ತಿ ಸುಳ್ಳು. ಡ್ರಗ್ಸ್ ಹೊಟ್ಟೆಗೆ ಹೋದರೆ ನಾಯಿ ಸಾಯಲೂಬಹುದು. ಫೆಂಟನಿಲ್‌ನಂಥ ತುಂಬಾ ಪ್ರಬಲ ಡ್ರಗ್ ಮೂಗಿಗೆ ಸ್ವಲ್ಪ ಹೋದರೂ ಅಪಾಯ. ಅದಕ್ಕೇ ಅಂಥ ಕಡೆ ಕೆಲಸ ಮಾಡುವ ಹ್ಯಾಂಡ್ಲರ್‌ಗಳು ನಾಯಿಗಾಗಿಯೇ ಅದರ ಪರಿಣಾಮ ಇಳಿಸುವ ನಲಾಕ್ಸೋನ್ ಎಂಬ ಮದ್ದು ಜೇಬಿನಲ್ಲಿಟ್ಟುಕೊಂಡಿರುತ್ತಾರೆ. ಉಪವಾಸ ಕೆಡವುತ್ತಾರೆ ಅನ್ನುವುದೂ ಸುಳ್ಳು. ಕೆಲವು ಪದ್ಧತಿಗಳಲ್ಲಿ ದಿನದ ಊಟವನ್ನು ತಟ್ಟೆಗೆ ಹಾಕದೆ, ಕೆಲಸ ಮಾಡಿದ ಹಾಗೆಲ್ಲ ಹಿಡಿ ಹಿಡಿಯಾಗಿ ಕೈಯಿಂದಲೇ ಕೊಡುತ್ತಾರೆ. ಬಹುಶಃ ಅದನ್ನು ನೋಡಿದವರು ಹಾಗೆ ಹೇಳಿರಬೇಕು. ಹಸಿದ ನಾಯಿಯ ಗಮನವೆಲ್ಲ ಊಟದ ಮೇಲೇ ಇರುತ್ತದೆ, ಅದಕ್ಕೆ ಹುಡುಕುವ ತಾಳ್ಮೆ ಇರುವುದಿಲ್ಲ.

ನಿಜವಾದ ಗುಟ್ಟು ಆಟ. ಮರಿಯನ್ನೋ ಎಳೆ ನಾಯಿಯನ್ನೋ ಆರಿಸುವಾಗ ನಾವು ನೋಡುವುದು ಅದರ ಹಠವನ್ನು. ಎತ್ತರದ ಹುಲ್ಲಿನೊಳಗೆ ಚೆಂಡು ಎಸೆಯುತ್ತೇವೆ. ಕೆಲವು ನಾಯಿ ಅರ್ಧ ನಿಮಿಷ ಹುಡುಕಿ ವಾಪಸ್ ಬಂದು ನಮ್ಮ ಮುಖ ನೋಡುತ್ತವೆ. ಕೆಲವು ಸಿಗುವವರೆಗೂ ಬರುವುದೇ ಇಲ್ಲ, ಕರೆದರೂ ಬರುವುದಿಲ್ಲ. ನಮಗೆ ಬೇಕಾದ್ದು ಆ ಎರಡನೆಯದು. ಲ್ಯಾಬ್ರಡಾರ್, ಸ್ಪ್ರಿಂಗರ್ ಸ್ಪ್ಯಾನಿಯಲ್, ಜರ್ಮನ್ ಶೆಫರ್ಡ್, ಬೆಲ್ಜಿಯನ್ ಮ್ಯಾಲಿನೊವಾಗಳಲ್ಲಿ ಇಂಥವು ಜಾಸ್ತಿ ಸಿಗುತ್ತವೆ. ಆದರೆ ತಳಿಯ ಹೆಸರು ನೋಡಿ ಯಾವ ತರಬೇತುದಾರರೂ ನಾಯಿ ತೆಗೆದುಕೊಳ್ಳುವುದಿಲ್ಲ.

ನಗರದ ನಾಯಿಗೆ ಇನ್ನೊಂದು ಪರೀಕ್ಷೆ ಇದೆ. ಹೊಳೆಯುವ ನೆಲ. ಎಂಥ ಒಳ್ಳೆ ಮೂಗಿನ ನಾಯಿಯೂ ನುಣುಪು ಗ್ರಾನೈಟ್ ಮೇಲೆ ಕಾಲಿಟ್ಟ ತಕ್ಷಣ ಉಗುರು ಚಾಚಿ, ಹೊಟ್ಟೆ ನೆಲಕ್ಕಿಳಿಸಿ ನಿಂತುಬಿಡಬಹುದು. ಸಂದಿ ಸಂದಿ ಇರುವ ಕಬ್ಬಿಣದ ಮೆಟ್ಟಿಲು, ಕೆಳಗೆ ಗಾಡಿ ಓಡಾಡುವ ಸೇತುವೆ, ತಾನಾಗಿ ತೆರೆಯುವ ಗಾಜಿನ ಬಾಗಿಲು, ರೈಲಿನ ಸದ್ದು, ಒಂದೇ ಸಮ ಕೈ ಚಾಚುವ ಮಕ್ಕಳು, ಇದೆಲ್ಲ ಅಭ್ಯಾಸ ಆಗಬೇಕು. ಹೆದರಿದ ನಾಯಿ ಮೂಸುವುದನ್ನು ನಿಲ್ಲಿಸುತ್ತದೆ. ತರಬೇತಿಯ ಎಷ್ಟೋ ದಿನಗಳು ಹೋಗುವುದೇ ಈ ಓಡಾಟಕ್ಕೆ.

ವಾಸನೆ ಕಲಿಸುವ ಬಗೆ ಹೀಗೆ. ಸಾಲಾಗಿ ಡಬ್ಬಿಗಳನ್ನು ಇಡುತ್ತೇವೆ. ಒಂದರಲ್ಲಿ ಮಾತ್ರ ಕಲಿಸಬೇಕಾದ ವಾಸನೆ. ನಾಯಿ ಒಂದೊಂದೇ ಮೂಸುತ್ತಾ ಬರುತ್ತದೆ. ಸರಿಯಾದ ಡಬ್ಬಿಗೆ ಮೂಗು ತಾಗಿದ ಕ್ಷಣಕ್ಕೆ ಅದರ ಚೆಂಡು ಸಿಗಬೇಕು. ಒಂದು ಸೆಕೆಂಡ್ ತಡವಾದರೂ ನಾಯಿ ಬೇರೆ ಏನನ್ನೋ ಕಲಿಯುತ್ತದೆ. ದಿನ ಕಳೆದಂತೆ ಆ ವಾಸನೆ ಅಂದರೆ ಚೆಂಡು ಅಂತ ಅದರ ತಲೆಯಲ್ಲಿ ಕೂರುತ್ತದೆ. ಆಮೇಲೆ ಮೂಸಿದ ತಕ್ಷಣ ಕೂರುವುದನ್ನೋ, ಅಲುಗದೆ ನಿಲ್ಲುವುದನ್ನೋ ಸೇರಿಸುತ್ತೇವೆ. ಬಾಂಬ್ ಹುಡುಕುವ ನಾಯಿ ಕೆರೆಯಬಾರದು, ಕಚ್ಚಿ ಎಳೆಯಬಾರದು, ಕಾರಣ ಹೇಳಬೇಕಿಲ್ಲ.

ಇಲ್ಲಿ ಎಡವುವುದು ಬಹಳ ಸುಲಭ. ಡಬ್ಬಿಗೆ ಹಾಕುವಾಗ ಅದೇ ಕೈಗವಸು, ಅದೇ ಟೇಪು, ಅದೇ ಪ್ಲಾಸ್ಟಿಕ್ ಬಳಸಿದರೆ ನಾಯಿ ಕಲಿಯುವುದು ಟೇಪಿನ ವಾಸನೆಯನ್ನು. ಅದಕ್ಕೇ ಬೇರೆ ಡಬ್ಬಿಗಳಲ್ಲಿ ಖಾಲಿ ಟೇಪು, ಖಾಲಿ ಗ್ಲೌಸು, ತಿಂಡಿ, ಸೋಪು, ಬೇರೆ ನಾಯಿ ಕಚ್ಚಿದ ಚೆಂಡು ಹಾಕಿಡುತ್ತೇವೆ. ಯಾವ ಡಬ್ಬಿಯಲ್ಲೂ ಏನೂ ಇಲ್ಲದ ಸುತ್ತುಗಳನ್ನೂ ಮಾಡಲೇಬೇಕು. ಏನೂ ಇಲ್ಲದಾಗ ಸುಮ್ನೆ ದಾಟಿ ಹೋಗುವುದು ನಾಯಿ ಕಲಿಯಬೇಕಾದ ಅತಿ ಕಷ್ಟದ ಪಾಠ. ಅದನ್ನು ಕಲಿಸದಿದ್ದರೆ "ಎಲ್ಲೋ ಒಂದು ಕಡೆ ಕೂತರೆ ಚೆಂಡು ಸಿಗುತ್ತೆ" ಅಂತ ನಾಯಿ ಸುಮ್ಮಸುಮ್ಮನೆ ಕೂರಲು ಶುರು ಮಾಡುತ್ತದೆ. ಆ ಅರ್ಥದಲ್ಲಿ ನಾಯಿಯೂ ಸುಳ್ಳು ಹೇಳುತ್ತದೆ.

ಒಂದೇ ನಾಯಿಗೆ ಬಾಂಬು, ಡ್ರಗ್ಸು ಎರಡನ್ನೂ ಕಲಿಸುವುದಿಲ್ಲ. ನಾಯಿ ಒಂದು ಬ್ಯಾಗಿನ ಮುಂದೆ ಕೂತರೆ ಹ್ಯಾಂಡ್ಲರ್‌ಗೆ ಆ ಕ್ಷಣವೇ ಗೊತ್ತಾಗಬೇಕು, ಬ್ಯಾಗ್ ತೆರೆಸಬೇಕೋ ಜನರನ್ನು ಓಡಿಸಬೇಕೋ ಅಂತ. ಜಾಡು ಹಿಡಿಯುವ ನಾಯಿಯ ಪಾಠ ಇವೆರಡಕ್ಕಿಂತ ಬೇರೆ. ಅದಕ್ಕೆ ಮೆತ್ತನೆ ನೆಲದಲ್ಲಿ ಹೊಸ ಹೆಜ್ಜೆಗಳಿಂದ ಶುರು. ಆಮೇಲೆ ತಿರುವುಗಳು, ಮಧ್ಯೆ ಅಡ್ಡ ಹಾಯುವ ಬೇರೆಯವರ ಜಾಡು, ಗಂಟೆಗಟ್ಟಲೆ ಹಳೆಯ ಜಾಡು. ಕೊನೆಗೆ ಟಾರು ರಸ್ತೆ. ತರಬೇತಿ ಕೆಲವು ದೇಶಗಳಲ್ಲಿ ಎರಡು ಮೂರು ತಿಂಗಳು, ಇನ್ನು ಕೆಲವು ಕಡೆ ಆರರಿಂದ ಒಂಬತ್ತು ತಿಂಗಳು. ಆದರೆ ಅದು ಮುಗಿಯುವುದಿಲ್ಲ. ದಳಕ್ಕೆ ಸೇರಿದ ಮೇಲೂ ಪ್ರತಿ ವಾರ ಅಭ್ಯಾಸ ಬೇಕು. ಬಿಟ್ಟರೆ ನಾಯಿಯೂ ಮಂಕಾಗುತ್ತದೆ, ಹ್ಯಾಂಡ್ಲರ್ ಕಣ್ಣೂ ಮಂಕಾಗುತ್ತದೆ.

ಕೆಲಸದ ಹೊತ್ತು ನೀವು ಅಂದುಕೊಂಡಷ್ಟು ಉದ್ದ ಇರುವುದಿಲ್ಲ. ಅರ್ಧ ಗಂಟೆ ಗಮನವಿಟ್ಟು ಮೂಸಿದರೆ ನಾಯಿಗೆ ವಿಶ್ರಾಂತಿ ಬೇಕು. ಕೆಲಸ ಮುಗಿದ ಮೇಲೆ ಹ್ಯಾಂಡ್ಲರ್ ಮೊದಲು ನೋಡುವುದು ಅದರ ಅಂಗಾಲು. ಬೆರಳ ಸಂದಿಯಲ್ಲಿ ಗಾಜಿನ ಚೂರು ಸಿಕ್ಕಿದೆಯಾ, ಕಾದ ಟಾರಿಗೆ ಚರ್ಮ ಸುಟ್ಟಿದೆಯಾ ಅಂತ ಒಂದೊಂದೇ ಬೆರಳು ಬಿಡಿಸಿ ನೋಡುತ್ತಾರೆ. ಎಂಟು ಹತ್ತು ವರ್ಷ ವಯಸ್ಸಾದ ಮೇಲೆ ನಿವೃತ್ತಿ. ಎಷ್ಟೋ ಕಡೆ ಹ್ಯಾಂಡ್ಲರ್ ತಮ್ಮ ಮನೆಗೇ ಕರೆದುಕೊಂಡು ಹೋಗುತ್ತಾರೆ. ಮಗಳಿಗೆ ಇದನ್ನೂ ಹೇಳಿ.

ತಪ್ಪು ಆಗುವುದು ಹಗ್ಗದ ಯಾವ ತುದಿಯಲ್ಲಿ

ಎರಡೂ ತುದಿಯಲ್ಲಿ ಆಗಬಹುದು. ಆದರೆ ಮನುಷ್ಯನ ತುದಿಯ ತಪ್ಪನ್ನು ಯಾರೂ ಗಮನಿಸುವುದಿಲ್ಲ. ನಾಯಿಗೆ ನಮ್ಮ ಮೈ ಓದುವುದು ಚೆನ್ನಾಗಿ ಗೊತ್ತು. ಹ್ಯಾಂಡ್ಲರ್ ಒಂದು ಬಾಗಿಲ ಮುಂದೆ ಹೆಜ್ಜೆ ನಿಧಾನ ಮಾಡಿದರೆ, ಹಗ್ಗ ಒಂದಿಷ್ಟು ಬಿಗಿ ಹಿಡಿದರೆ, ಉಸಿರು ಹಿಡಿದರೆ, ನಾಯಿಗೆ ಗೊತ್ತಾಗುತ್ತದೆ: "ಇವರಿಗೆ ಇಲ್ಲೇ ಏನೋ ಬೇಕಾಗಿದೆ." ಇದನ್ನು ಯಾರೂ ಬೇಕೆಂದು ಮಾಡುವುದಿಲ್ಲ.

2011ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಇದನ್ನು ಪರೀಕ್ಷಿಸಿದ ಅಧ್ಯಯನ ಪ್ರಕಟವಾಯಿತು. 18 ನಾಯಿ–ಹ್ಯಾಂಡ್ಲರ್ ಜೋಡಿಗಳನ್ನು ಒಂದು ಚರ್ಚ್ ಕಟ್ಟಡದಲ್ಲಿ ಹುಡುಕಲು ಬಿಟ್ಟರು. ಅಲ್ಲಿ ಡ್ರಗ್ಸ್ ಇರಲಿಲ್ಲ, ಸ್ಫೋಟಕ ಇರಲಿಲ್ಲ, ಏನೂ ಇರಲಿಲ್ಲ. ಆದರೆ ಕೆಂಪು ಕಾಗದ ಅಂಟಿಸಿದ ಕಡೆ ವಸ್ತು ಇದೆ ಅಂತ ಹ್ಯಾಂಡ್ಲರ್‌ಗಳಿಗೆ ಹೇಳಿದ್ದರು. 200ಕ್ಕೂ ಮೇಲೆ ಸುಳ್ಳು ಸೂಚನೆಗಳು ದಾಖಲಾದವು. ಕೆಂಪು ಕಾಗದ ಇದ್ದ ಕಡೆಯೇ ಅವು ಜಾಸ್ತಿ. ಆ ಕಾಗದದ ಅರ್ಥ ನಾಯಿಗೆ ಗೊತ್ತಿರಲಿಲ್ಲ. ಅದಕ್ಕೇ ಒಳ್ಳೆಯ ತರಬೇತಿಯಲ್ಲಿ ವಸ್ತು ಎಲ್ಲಿಟ್ಟಿದೆ ಅಂತ ಹ್ಯಾಂಡ್ಲರ್‌ಗೂ ಗೊತ್ತಿರಬಾರದು, ಪಕ್ಕದಲ್ಲಿ ನಿಂತು ನೋಡುವವರಿಗೂ ಗೊತ್ತಿರಬಾರದು.

ನಿಮ್ಮ ಅಪಾರ್ಟ್‌ಮೆಂಟಿಗೆ ಇದನ್ನು ಹೊಂದಿಸಿ ನೋಡಿ. ನಾಯಿ ಬರುವ ಮುಂಚೆಯೇ ಯಾರಾದರೂ "ನಮಗೆ ವಾಚ್‌ಮನ್ ಮೇಲೆ ಅನುಮಾನ" ಅಂದಿದ್ದರಾ? ನಾಯಿ ಕೆಳಗೆ ಬಂದಾಗ ಎಲ್ಲರೂ ಆ ಕೋಣೆ ಕಡೆ ತಿರುಗಿ ನೋಡಿದರಾ? ಹಾಗಾಗಿದ್ದರೆ ಆ ಎರಡು ಸುತ್ತುಗಳಿಗೆ ನಿಮ್ಮ ಜನರೇ ಕಾರಣ ಇದ್ದರೂ ಇರಬಹುದು.

ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ನಲ್ಲಿ ಡ್ರಗ್ಸ್ ನಾಯಿಗಳ ಕೆಲಸವನ್ನು ಅಲ್ಲಿನ ಆಂಬುಡ್ಸ್‌ಮನ್ (ಸರ್ಕಾರಿ ಇಲಾಖೆಗಳ ಮೇಲಿನ ದೂರು ವಿಚಾರಿಸುವ ಅಧಿಕಾರಿ) ಪರಿಶೀಲಿಸಿ 2006ರಲ್ಲಿ ವರದಿ ಕೊಟ್ಟರು. ನಾಯಿ ಸೂಚನೆ ಕೊಟ್ಟ ಮೇಲೆ ಜನರನ್ನು ತಪಾಸಣೆ ಮಾಡಿದಾಗ ಡ್ರಗ್ಸ್ ಸಿಕ್ಕಿದ್ದು ಶೇ. 26ರಷ್ಟು ಸಲ ಮಾತ್ರ. ಉಳಿದವರಲ್ಲಿ ಎಷ್ಟೋ ಜನ ಡ್ರಗ್ಸ್ ಇದ್ದ ಜಾಗದಲ್ಲಿ ಮುಂಚೆ ಇದ್ದವರಾಗಿರಬಹುದು. ವಸ್ತು ಹೋದರೂ ಬಟ್ಟೆಯಲ್ಲಿ ವಾಸನೆ ಉಳಿಯುತ್ತದೆ. ನಾಯಿಯ ಲೆಕ್ಕದಲ್ಲಿ ಅದು ಸರಿ. ತಪಾಸಣೆಗೆ ಒಳಗಾದವರ ಪಾಲಿಗೆ ಅವಮಾನ.

ಕೋರ್ಟುಗಳೂ ಇದನ್ನು ಹುಷಾರಾಗಿಯೇ ನೋಡಿವೆ. ಜಾಡು ಹಿಡಿಯುವ ನಾಯಿಯ ಸಾಕ್ಷ್ಯಕ್ಕೆ ಸಾಮಾನ್ಯವಾಗಿ ಹೆಚ್ಚು ತೂಕ ಕೊಡಲಾಗದು ಅಂತ ಭಾರತದ ಸುಪ್ರೀಂ ಕೋರ್ಟ್ 1969ರಲ್ಲೇ ಹೇಳಿದೆ. ನಾಯಿಯನ್ನು ಕಟಕಟೆಗೆ ಕರೆದು ಪಾಟೀಸವಾಲು ಮಾಡಲಾಗದು, ಅದರ ಪರವಾಗಿ ಮಾತಾಡುವುದು ಹ್ಯಾಂಡ್ಲರ್ ಮಾತ್ರ ಅನ್ನುವ ಆಕ್ಷೇಪವೂ ಅಲ್ಲಿ ಚರ್ಚೆಗೆ ಬಂತು. ಅಮೆರಿಕದ ಟೆಕ್ಸಾಸ್‌ನಲ್ಲಿ ಒಬ್ಬರಿಗೆ ಕೊಲೆ ಆರೋಪದಲ್ಲಿ ಶಿಕ್ಷೆ ಆಗಿದ್ದು ಬಹುಮಟ್ಟಿಗೆ ನಾಯಿಗಳು ವಾಸನೆ ಗುರುತಿಸಿದವು ಅನ್ನುವುದರ ಮೇಲೆ. 2010ರಲ್ಲಿ ಅಲ್ಲಿನ ಮೇಲ್ಮನವಿ ನ್ಯಾಯಾಲಯ, ಅದೊಂದರ ಮೇಲೆಯೇ ಶಿಕ್ಷೆ ಕೊಡಲಾಗದು ಅಂತ ಅವರನ್ನು ಬಿಟ್ಟಿತು. ನಿಮ್ಮ ಸಂಘದ ಸಭೆ ಕೋರ್ಟ್ ಅಲ್ಲ, ನಿಜ. ಆದರೆ ಕೆಲಸ ಕಳೆದುಕೊಳ್ಳುವವರಿಗೆ ಅದೂ ಶಿಕ್ಷೆಯೇ.

ಈಗ ಏನು ಮಾಡಬಹುದು

ಈಗಲೇ ಕೆಲಸದಿಂದ ತೆಗೆಯುವುದು ಒಂದು ದಾರಿ. ನನ್ನ ಅಭಿಪ್ರಾಯದಲ್ಲಿ ಅದು ಅತಿ ಕೆಟ್ಟ ದಾರಿ. ನಿರಪರಾಧಿಯಾಗಿದ್ದರೆ ಅನ್ಯಾಯ. ಇನ್ನೊಂದು ನಷ್ಟವೂ ಇದೆ. ಆ ರಾತ್ರಿ ಯಾರು ಬಂದರು, ಯಾವ ಗಾಡಿ ನಿಂತಿತ್ತು ಅನ್ನುವುದನ್ನು ನಿಮ್ಮೆಲ್ಲರಿಗಿಂತ ಚೆನ್ನಾಗಿ ಹೇಳಬಲ್ಲವರು ಅವರೇ. ಅವರನ್ನು ಕಳಿಸಿದರೆ ಒಳ್ಳೆಯ ಸಾಕ್ಷಿ ಕೈತಪ್ಪುತ್ತದೆ. ಕಳ್ಳ ಸಿಕ್ಕಿದ ಅಂತ ಜನ ನೆಮ್ಮದಿಯಾದರೆ ನಿಜವಾದ ಕಳ್ಳನಿಗೆ ಅದಕ್ಕಿಂತ ಬೇರೆ ಏನು ಬೇಕು?

ಮತ್ತೊಮ್ಮೆ ನಾಯಿ ಕರೆಸಿ ವಾಚ್‌ಮನ್ ಅವರನ್ನು ಸಾಲಲ್ಲಿ ನಿಲ್ಲಿಸಿ ಪರೀಕ್ಷೆ ಮಾಡಿಸೋಣ ಅಂತ ಯಾರಾದರೂ ಹೇಳಬಹುದು. ಬೇಡ. ತಿಂಗಳ ಮೇಲೆ ಜಾಡು ಉಳಿದಿಲ್ಲ. ಬೀಗ ಎಷ್ಟು ಕೈ ದಾಟಿದೆಯೋ ಗೊತ್ತಿಲ್ಲ. ಸಾಲಲ್ಲಿ ನಿಲ್ಲಿಸುವ ಪರೀಕ್ಷೆ ಪಳಗಿದವರ ಕೈಯಲ್ಲೂ ಕೆಡುತ್ತದೆ. ನೆದರ್ಲೆಂಡ್ಸ್‌ನಲ್ಲಿ 1997ರಿಂದ 2006ರ ತನಕ ನಡೆದ ಇಂಥ ಎಷ್ಟೋ ಪರೀಕ್ಷೆಗಳಲ್ಲಿ, ಶಂಕಿತರ ವಾಸನೆ ಸಾಲಿನಲ್ಲಿ ಎಲ್ಲಿದೆ ಅಂತ ಹ್ಯಾಂಡ್ಲರ್‌ಗಳಿಗೆ ಮುಂಚೆಯೇ ಗೊತ್ತಿರುತ್ತಿತ್ತು ಅನ್ನುವುದು ಆಮೇಲೆ ಬಯಲಾಯಿತು. ಖಾಸಗಿಯಾಗಿ ನಾಯಿ ತರಿಸುವುದಂತೂ ಇನ್ನೂ ಅಪಾಯ. ಅದರ ತರಬೇತಿಯ ದಾಖಲೆ ಯಾರೂ ತೋರಿಸುವುದಿಲ್ಲ.

ನಾನಾದರೆ ನಾಯಿ ನಿಂತ ಜಾಗದಿಂದ ಶುರು ಮಾಡುತ್ತೇನೆ. ಗೇಟಿನಿಂದ ಆ ಜಾಗದವರೆಗೆ ಯಾವ ಅಂಗಡಿ, ಯಾವ ಮನೆಯ ಕ್ಯಾಮೆರಾ ರಸ್ತೆ ಕಡೆ ಮುಖ ಮಾಡಿದೆ ನೋಡಿ, ಆ ಪಟ್ಟಿಯನ್ನು ತನಿಖಾಧಿಕಾರಿಗೆ ಬರೆದುಕೊಡಿ. ಎಷ್ಟೋ ಕ್ಯಾಮೆರಾಗಳಲ್ಲಿ ಹಳೆಯ ದೃಶ್ಯ ಕೆಲವು ವಾರಗಳಲ್ಲಿ ತಾನಾಗಿ ಅಳಿಸುತ್ತದೆ. ಹಾಗಾಗಿ ನಾಳೆ ಅನ್ನಬೇಡಿ, ಇವತ್ತೇ ಹೋಗಿ. ಜೊತೆಗೆ, ಬೀಗವನ್ನು ಬೆಳಗ್ಗೆ ಯಾರ್ಯಾರು ಮುಟ್ಟಿದರು, ವಾಚ್‌ಮನ್ ಮೇಲೆ ಬಂದಿದ್ದರಾ, ಯಾವಾಗ ಇಳಿದರು ಅನ್ನುವುದನ್ನು ನೆನಪಿರುವವರೆಲ್ಲ ಬರೆದುಕೊಡಲಿ. ನಾಯಿಯ ನಡೆಗೆ ಹ್ಯಾಂಡ್ಲರ್ ಏನು ಅರ್ಥ ಕೊಟ್ಟಿದ್ದಾರೆ ಅಂತ ಅಧಿಕಾರಿಯನ್ನೇ ಕೇಳಿ. ಅವರ ವರದಿಯಲ್ಲಿ "ಗೇಟಿನ ಬಳಿ ಜಾಡು ಚದುರಿತ್ತು" ಅಂತಲೂ ಇರಬಹುದು. ಇದರಲ್ಲೂ ಒಂದು ತೊಂದರೆ ಇದೆ: ತನಿಖೆ ನಿಧಾನ, ಅಲ್ಲಿಯವರೆಗೆ ಕೆಲವರಿಗೆ ಭಯ ಹೋಗುವುದಿಲ್ಲ. ಅದಕ್ಕೆ ರಾತ್ರಿ ಇನ್ನೊಬ್ಬರನ್ನು ಜೊತೆಗೆ ಹಾಕಿ, ಗೇಟಿಗೆ ಕ್ಯಾಮೆರಾ ಹಾಕಿಸಿ. ವಾಚ್‌ಮನ್ ಬಗ್ಗೆ ಬೇರೆ ಆಧಾರ ಸಿಕ್ಕರೆ ಆಗ ಪೊಲೀಸರು ನೋಡಿಕೊಳ್ಳುತ್ತಾರೆ.

ಮುಂದೆ ಎಲ್ಲಾದರೂ ಹೀಗಾದರೆ ಒಂದಿಷ್ಟು ನೆನಪಿರಲಿ. ಬಾಗಿಲು ತೆರೆದಿದ್ದು ಕಂಡರೆ ಒಳಗೆ ಹೋಗಬೇಡಿ. ಒಳಗೆ ಯಾರಾದರೂ ಗಾಯಗೊಂಡಿದ್ದರೆ ಆ ಮಾತು ಬೇರೆ. ಬೀಗ, ಸಲಾಕೆ, ಬಿದ್ದ ಚಪ್ಪಲಿ, ಯಾವುದನ್ನೂ ಎತ್ತಬೇಡಿ. ಆ ಮೆಟ್ಟಿಲು ಬಿಟ್ಟು ಬೇರೆ ದಾರಿ ಇದ್ದರೆ ಎಲ್ಲರೂ ಅದನ್ನೇ ಬಳಸಿ, ನೆಲ ಗುಡಿಸಬೇಡಿ, ಒರೆಸಬೇಡಿ. ತಡಮಾಡದೆ ಪೊಲೀಸರಿಗೆ ಫೋನ್ ಮಾಡಿ. ನಾಯಿ ಬಂದಾಗ ಅದರ ಹಿಂದೆ ಗುಂಪಾಗಿ ಹೋಗಬೇಡಿ, ಕರೆಯಬೇಡಿ, ಮುಟ್ಟಬೇಡಿ, ಬಿಸ್ಕತ್ತು ಎಸೆಯಬೇಡಿ. ಅದು ನಿಮ್ಮ ಹತ್ತಿರ ಬಂದು ಮೂಸಿದರೆ ಕೈ ಇಳಿಬಿಟ್ಟು ಸುಮ್ನೆ ನಿಲ್ಲಿ, ಓಡಬೇಡಿ. ಬೀಗ ಮುಟ್ಟಿದವರು ಯಾರಾದರೂ ಇದ್ದರೆ ಅವರು ಅಲ್ಲೇ ಇರಲಿ. ಅವರ ವಾಸನೆಯನ್ನು ನಾಯಿಗೆ ಪರಿಚಯ ಮಾಡಿಸಿ, ಅದನ್ನು ಬಿಟ್ಟು ಉಳಿದ ವಾಸನೆ ಹುಡುಕಲು ಪಳಗಿದ ನಾಯಿಗೆ ಆಗುತ್ತದೆ. ಅನುಮಾನ ಯಾರ ಮೇಲೆ ಅಂತ ಮಾತ್ರ ಹ್ಯಾಂಡ್ಲರ್‌ಗೆ ಹೇಳಬೇಡಿ. ಅದನ್ನು ತನಿಖಾಧಿಕಾರಿಗೆ, ನಾಯಿ ಗಾಡಿ ಹತ್ತಿ ಹೋದ ಮೇಲೆ ಹೇಳಿ.